ಮೀನಿನ ಮೈಮೇಲಿನ ಕೈ

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ರಕ್ತವನ್ನು ಸಿಂಕಿಗೆ ಸುರಿದುಬಿಟ್ಟ.

ಅದು ರಕ್ತವೆಂದು ಅವನಿಗೆ ಗೊತ್ತಿರಲಿಲ್ಲ. ಐಸಿನ ಮೇಲೆ ನಿಲ್ಲಿಸಿದ್ದ ಒಂದು ಪುಟ್ಟ ಟ್ಯೂಬು, ಅದರ ತಳದಲ್ಲಿ ತಿಳಿಯಾದ ಏನೋ ಒಂದಿಷ್ಟು. ಯಾರು ನೋಡಿದರೂ ನೀರು ಅನ್ನಬೇಕು. ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ವರ್ಷಗಟ್ಟಲೆ ದುಡಿದು ಬಂದ ಕೈ ಅವನದು. ಮೇಜಿನ ಮೇಲೆ ತೊಳೆಯದ ಟ್ಯೂಬು ಕಂಡರೆ ಸುಮ್ಮನಿರುವ ಜಾಯಮಾನದ್ದಲ್ಲ. ಸುರಿದ, ನಲ್ಲಿ ಬಿಟ್ಟ, ತೊಳೆದು ಬೋರಲು ಹಾಕಿದ.

ಆಗ ಕೋಲ್ಡ್ ರೂಮಿನ ದಪ್ಪ ಬಾಗಿಲು ತೆರೆದು ಲ್ಯಾಬು ನಡೆಸುವ ಮೇಡಂ ಹೊರಗೆ ಬಂದಳು. ಅವಳ ಹಿಂದೆಯೇ ಒಂದಿಷ್ಟು ಬಿಳಿ ಹಬೆಯೂ ನೆಲ ಸವರಿಕೊಂಡು ಬಂದು, ಲ್ಯಾಬಿನ ಬೆಚ್ಚನೆಯ ಗಾಳಿಯಲ್ಲಿ ಕರಗಿತು. ರೆಪ್ಪೆಯ ಕೂದಲಿನ ಮೇಲೆ ಇಬ್ಬನಿ ಕೂತಿತ್ತು.

"ಇಲ್ಲೊಂದು ಟ್ಯೂಬ್ ಇಟ್ಟಿದ್ದೆ."

"ನೀರಿತ್ತು ಮೇಡಂ. ಚೆಲ್ಲಿ ತೊಳೆದಿಟ್ಟೆ."

ಅವಳು ಸಿಂಕಿನ ತೂತನ್ನೇ ನೋಡುತ್ತ ನಿಂತಳು.

"ಅದು ನೀರಲ್ಲ. ರಕ್ತ."

ಹೊಸಬರನ್ನು ಗೋಳು ಹುಯ್ದುಕೊಳ್ಳುವ ಪದ್ಧತಿ ಇಲ್ಲೂ ಇರಬೇಕೆಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ಅರ್ಧದಾರಿಯಲ್ಲೇ ನಿಂತು, ಮುಖದ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡಿತು. ಎಷ್ಟು ಜನರ ತೋಳಿನಿಂದ ಎಷ್ಟು ರಕ್ತ ಹಿಡಿದಿದ್ದಾನೋ; ಅಂಥವನಿಗೆ ರಕ್ತದ ಗುರುತೇ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಸಂಸ್ಥೆಗೆ ಸುದ್ದಿ ಹಬ್ಬಿ, ಅವನಿಗೆ 'ಬ್ಲಡ್ ಬ್ಯಾಂಕು' ಎಂದು ನಾಮಕರಣವೂ ಆಗಿಹೋಯಿತು.

"ನಿಮ್ಮ ತಪ್ಪಿಲ್ಲ ಬಿಡಿ," ಅಂದಳು ಅವಳು. "ಕೆಂಪಗಿಲ್ಲದೆ ಇದ್ರೆ ಯಾರೂ ರಕ್ತ ಅಂತ ನಂಬಲ್ಲ. ನಾಳೆ ಇನ್ನೊಂದು ಸಲ ಚುಚ್ಚಬೇಕಲ್ಲ ಅದಕ್ಕೆ, ಅಷ್ಟೇ ನನ್ನ ಸಂಕಟ."

ಆ ಸಂಕಟ ಯಾರಿಗಾಗಿ ಎಂದು ನೋಡಲು ಅವನು ಮೊದಲ ಸಲ ಕೋಲ್ಡ್ ರೂಮಿಗೆ ಕಾಲಿಟ್ಟ.

ಒಳಗೆ ನೀಲಿ ಮಬ್ಬು. ಉಸಿರು ಬಿಟ್ಟರೆ ಕಾಣುತ್ತಿತ್ತು. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಅದರೊಳಗಿನ ಉಪ್ಪುನೀರು ಇನ್ನು ಸ್ವಲ್ಪ ತಣ್ಣಗಾದರೆ ಗಡ್ಡೆಕಟ್ಟಬೇಕು, ಅಂಥ ಅಂಚಿನಲ್ಲಿತ್ತು. ಮೊದಲು ಅವನಿಗೆ ಕಂಡದ್ದು ಎರಡು ಕಣ್ಣು. ಆಮೇಲೆ ಆ ಕಣ್ಣಿನ ಸುತ್ತ, ಫೋಟೋ ತೊಳೆಯುವಾಗ ಕಾಗದದ ಮೇಲೆ ರೂಪ ಮೂಡುವ ಹಾಗೆ, ಒಂದು ಮೀನು ಮೂಡಿತು. ಮೊಸಳೆಯಂಥ ಉದ್ದ ಮೂತಿ. ಹುರುಪೆಯೇ ಇಲ್ಲದ, ಮೇಣದಂಥ ಮೈ. ಬೇರೆ ಮೀನಿಗೆ ಕಿವಿರು ಕಡುಗೆಂಪಾಗಿರುವ ಕಡೆ ಇದಕ್ಕೆ ಹಾಲಿನ ಬಿಳಿ.

"ದಕ್ಷಿಣದ ಹಿಮಸಮುದ್ರದ್ದು," ಅವಳು ಪಿಸುದನಿಯಲ್ಲಿ ಹೇಳಿದಳು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನಮ್ಮ ಮೈಯಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವುದು ಕೆಂಪು ರಕ್ತಕಣ. ಈ ಮೀನಿಗೆ ಆ ಕಣವೇ ಇಲ್ಲ. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ; ಅದು ನೇರವಾಗಿ ಈ ತಿಳಿರಕ್ತಕ್ಕೆ ಇಳಿದು, ಅದರಲ್ಲೇ ಕರಗಿ ಮೈಯೆಲ್ಲ ಸುತ್ತುತ್ತದೆ. ಆದರೆ ಹಾಗೆ ಕರಗುವುದು ಬಹಳ ಕಡಿಮೆ. ಆದ್ದರಿಂದ ರಕ್ತವೂ ಹೆಚ್ಚು ಬೇಕು, ನಾಳಗಳೂ ಅಗಲವಾಗಿರಬೇಕು.

"ಹೊರೋದಕ್ಕೆ ಆಳುಗಳಿಲ್ಲ. ಅದಕ್ಕೆ ಎಲ್ಲಾ ಭಾರ ಹೃದಯಕ್ಕೇ," ಅಂದಳು. "ಇಷ್ಟುದ್ದದ ಬೇರೆ ಮೀನಿನ ಹೃದಯ ಇದರ ಪಕ್ಕ ಇಟ್ರೆ ಗುಬ್ಬಚ್ಚಿ ಥರ ಕಾಣುತ್ತೆ. ನೀರು ಒಂಚೂರು ಬೆಚ್ಚಗಾದ್ರೂ ಅಷ್ಟು ದೊಡ್ಡ ಹೃದಯಾನೂ ಸೋಲುತ್ತೆ."

"ಮೊದಲಿಂದಲೂ ಹೀಗೇನಾ?"

"ಇಲ್ಲ. ಇದರ ಪೂರ್ವಜರಿಗೆ ಕೆಂಪು ರಕ್ತ ಇತ್ತು. ಅದನ್ನ ಮಾಡೋ ಜೀನಿನ ಒಂದು ಮುರುಕು ತುಂಡು ಇನ್ನೂ ಒಳಗಿದೆ. ಕೆಲಸ ಮಾಡಲ್ಲ. ಬಿಟ್ಟು ಹೋಗೋದೂ ಇಲ್ಲ."

ತೊಟ್ಟಿಯ ಮೂಲೆಯಲ್ಲಿ ಮೀನು ಬೆಣಚುಕಲ್ಲುಗಳನ್ನು ಗುಡಿಸಿ ಒಂದು ಬಳೆಯ ಹಾಗೆ ಜೋಡಿಸಿತ್ತು. ಈ ಜಾತಿಯ ಗಂಡು ಹೀಗೆ ಗೂಡು ಮಾಡಿ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ತಿಂಗಳುಗಟ್ಟಲೆ ಕಾಯುತ್ತದಂತೆ. ಇಲ್ಲಿ ಹೆಣ್ಣಿರಲಿಲ್ಲ, ಮೊಟ್ಟೆಯೂ ಇರಲಿಲ್ಲ. ಜೊತೆಯಲ್ಲಿ ಬಂದ ಉಳಿದ ಮೀನುಗಳು ಒಂದೊಂದಾಗಿ ಸತ್ತಿದ್ದವು. ಆದರೂ ಇದು ಬರಿಯ ಗೂಡಿಗೆ ಈಜುರೆಕ್ಕೆಯಿಂದ ಗಾಳಿ ಬೀಸುತ್ತ ಕಾವಲು ಕೂತಿತ್ತು. ಹಾಗಾಗಿ ಎಲ್ಲರೂ ಅದನ್ನು 'ಯಜಮಾನ' ಎನ್ನುತ್ತಿದ್ದರು.

"ಒಂದೇ ಒಂದು ಕಾನೂನು," ಅಂದಳು. "ಬಿಸಿ ಕೈಯಲ್ಲಿ ಮುಟ್ಟಬಾರದು. ನಮ್ಮ ಮೈಬಿಸಿ ಇದಕ್ಕೆ ಕೆಂಡ. ಗ್ಲೌಸ್ ಹಾಕ್ಕೊಂಡು, ಕೈಯನ್ನ ಇದೇ ನೀರಲ್ಲಿ ಮುಳುಗಿಸಿ ಕಾಯಬೇಕು. ಬೆರಳು ನಿಮ್ಮದು ಅಂತ ನಿಮಗೇ ಗೊತ್ತಾಗಬಾರದು, ಆಮೇಲೆ ಮುಟ್ಟಿ."

*

ಕೈ ಮುಳುಗಿಸಿ ಕಾಯುವ ಆ ಹೊತ್ತಿನಲ್ಲೇ ಅವನಿಗೆ ಅವಳ ಮೇಲೆ ಮನಸ್ಸಾಯಿತು.

ಇಬ್ಬರೂ ತೊಟ್ಟಿಯ ಮೇಲೆ ಬಗ್ಗಿ, ಮೊಣಕೈವರೆಗೆ ತೋಳು ಇಳಿಬಿಟ್ಟು, ಪಕ್ಕಪಕ್ಕ ನಿಲ್ಲಬೇಕು. ಮೊದಲು ಚಳಿ, ಆಮೇಲೆ ಮೂಳೆಯೊಳಗೆ ಯಾರೋ ಸೂಜಿ ತಿರುವಿದಂಥ ನೋವು, ಕೊನೆಗೆ ಏನೂ ಇಲ್ಲ. ನೋವಿನ ಘಟ್ಟದಲ್ಲಿ ಅವಳು ಕೆಳತುಟಿ ಕಚ್ಚಿಕೊಂಡು, ಕಣ್ಣಂಚಿನಲ್ಲೇ ಇವನನ್ನು ನೋಡುತ್ತಿದ್ದಳು. ಮೊದಲು ಕೈ ತೆಗೆಯುವವರು ಯಾರು ಎಂಬ ಪಂದ್ಯ. ಇವನು ಸೋಲುವುದಕ್ಕೆ ತಯಾರಿದ್ದ. ಆದರೆ ಸೋತರೆ ಆ ನೋಟ ಅಲ್ಲಿಗೇ ಮುಗಿದುಹೋಗುತ್ತದಲ್ಲ ಎಂದು ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಹೊರಗೆ ಬಂದಾಗ ಕೋಟಿನ ಗುಂಡಿ ಬಿಚ್ಚಲು ಇಬ್ಬರ ಬೆರಳೂ ಒಲ್ಲೆ ಎನ್ನುತ್ತಿದ್ದವು. ಅವಳು ಗುಂಡಿಯ ಜೊತೆ ಗುದ್ದಾಡುತ್ತ ಸಣ್ಣಗೆ ನಗುತ್ತಿದ್ದಳು. ಅವನು ಟ್ಯೂಬು ತೊಳೆಯಲು ಸಿಂಕಿನ ಹತ್ತಿರ ಹೋದರೆ ಸಾಕು, ಬೆನ್ನ ಹಿಂದಿನಿಂದ ಮಾತು ತೂರಿ ಬರುತ್ತಿತ್ತು: "ನೋಡ್ಕೊಂಡು ಸುರೀರಿ, ಯಾರ ರಕ್ತವೋ ಏನೋ."

ಒಂದು ದಿನ ಊಟ ಮುಗಿಸಿ ಬಂದವನಿಗೆ ಕೋಲ್ಡ್ ರೂಮಿನೊಳಗಿಂದ ಗಂಡಸಿನ ದನಿ ಕೇಳಿಸಿತು.

"ನೀರು ಬಿಸಿಯಾಗ್ತಿದೆ. ಬೇಗ ಬನ್ನಿ."

ಅವನು ಓಡಿ ಬಾಗಿಲು ತೆರೆದ. ಒಳಗೆ ಇನ್ಯಾರೂ ಇರಲಿಲ್ಲ. ಅವಳೊಬ್ಬಳೇ ನಿಂತಿದ್ದಳು. ತೊಟ್ಟಿಯಲ್ಲಿರಬೇಕಿದ್ದ ಥರ್ಮಾಮೀಟರಿನ ತುದಿ ನೀರಿನಿಂದ ಹೊರಗೆ, ಅವಳ ಬಿಗಿಮುಷ್ಟಿಯೊಳಗಿತ್ತು. ಮುಷ್ಟಿಯ ಬಿಸಿಗೆ ಅಲಾರಂ ಮೋಸಹೋಗಿತ್ತು. ಗೋಡೆಯ ಮೇಲಿನ ಸ್ಪೀಕರು ಮತ್ತೆ ಅಂದಿತು, ಸಾವಧಾನವಾಗಿ, ಮಾತಿನ ಕೊನೆಯಲ್ಲಿ ಒಂದು ನಗುವನ್ನು ಒತ್ತಿಹಿಡಿದ ಹಾಗೆ: "ನೀರು ಬಿಸಿಯಾಗ್ತಿದೆ. ಬೇಗ ಬನ್ನಿ."

ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ ಅವಳು ಮುಷ್ಟಿ ಬಿಚ್ಚಿದಳು. ದನಿ ನಿಂತಿತು.

"ನನ್ನ ಗಂಡ," ಅಂದಳು.

ಆಮೇಲೆ, ಮೀನಿನ ಮೇಲಿಂದ ಕಣ್ಣು ತೆಗೆಯದೆಯೇ, ಎಲ್ಲವನ್ನೂ ಹೇಳಿದಳು. ಈ ಮೀನುಗಳನ್ನು ಹಿಡಿದು ಜೀವಸಹಿತ ಇಲ್ಲಿಗೆ ತಂದವನು ಅವನೇ. ಅಲಾರಂ ಕೂರಿಸಿದವರು ಕಿವಿ ಹರಿಯುವಂಥ ಸೀಟಿ ಇಟ್ಟಿದ್ದರಂತೆ. ಮೀನು ಬೆಚ್ಚಿ ಗಾಜಿಗೆ ಬಡಿದುಕೊಳ್ಳುತ್ತದೆಂದು ಅವನು ಅದನ್ನು ಕಿತ್ತುಹಾಕಿ, ತಮಾಷೆಗೆಂದು ತನ್ನದೇ ದನಿ ರೆಕಾರ್ಡ್ ಮಾಡಿ ಹಾಕಿದ. ನೀರು ಬಿಸಿಯಾದರೂ ಅದೇ ಮಾತು, ಹರಿವು ನಿಂತರೂ ಅದೇ ಮಾತು. ಮರುವರ್ಷ ಅದೇ ಹಿಮಸಮುದ್ರದ ಯಾನದಲ್ಲಿ ಹಡಗಿನಿಂದ ಪುಟ್ಟ ದೋಣಿಯಲ್ಲಿ ಬಲೆ ಎಳೆಯಲು ಹೋದಾಗ ದೋಣಿ ಮಗುಚಿತು. ಜೊತೆಯವರನ್ನು ಮೇಲೆತ್ತಿದರು. ಅವನು ಮಾತ್ರ ಸಿಗಲೇ ಇಲ್ಲ.

"ಆ ನೀರಲ್ಲಿ ಏನೂ ಬೇಗ ಹಾಳಾಗಲ್ಲ," ಅಂದಳು. "ಓದಿದ್ದರ ಶಿಕ್ಷೆ ಇದು. ಗೊತ್ತಿರುತ್ತೆ. ಹೋದಾಗ ಹೇಗಿದ್ರೋ ಇವತ್ತೂ ಹಾಗೇ ಇರಬಹುದು. ನನಗೆ ಮಾತ್ರ ವಯಸ್ಸಾಗ್ತಾ ಇದೆ."

ಅವಳ ಮಾತು ಹಬೆಯಾಗಿ ಬಂದು ಗಾಜಿನ ಮೇಲೆ ಕೂತಿತು. ಅದರ ಹಿಂದೆ ಯಜಮಾನ ಬರಿಗೂಡಿಗೆ ಗಾಳಿ ಬೀಸುತ್ತಿತ್ತು. ಬದುಕಿರುವ ಗಂಡಸಿನ ಜೊತೆ ಬೇಕಾದರೆ ಪೈಪೋಟಿಗೆ ಇಳಿಯಬಹುದು. ವಯಸ್ಸೇ ಆಗದವನ ಜೊತೆ ಏನು ಮಾಡುವುದು?

*

ಅವಳ ಅತ್ತೆ ದಿನವೂ ಬುತ್ತಿ ಹಿಡಿದುಕೊಂಡು ಬರುತ್ತಿದ್ದರು. ಮಗ ಹೋದ ಮೇಲೂ ಅತ್ತೆ-ಸೊಸೆ ಒಂದೇ ಮನೆಯಲ್ಲಿದ್ದರು. ಮಂಡಿನೋವಿನ ನೆಪ ಹೇಳಿ ಅವರು ಕೋಲ್ಡ್ ರೂಮಿನ ಒಳಗೆ ಮಾತ್ರ ಬರುತ್ತಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು.

"ನನ್ನ ಸೊಸೆಗೆ ಮನೇಲೊಬ್ಬಳು ಮುದುಕಿ, ಇಲ್ಲೊಬ್ಬ ಮುದುಕ," ಎಂದು ಮೀನಿದ್ದ ಕೋಲ್ಡ್ ರೂಮಿನ ಕಡೆ ಗದ್ದ ತೋರಿಸಿ ನಗುತ್ತಿದ್ದರು. ಇವನಿಗೆ ಇನ್ನೂ ಮದುವೆಯಾಗಿಲ್ಲವೆಂದು ತಿಳಿದಾಗಿನಿಂದ ಅವನ ತಟ್ಟೆಗೆ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು.

ಅವರನ್ನು ಅವಳು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಮಧ್ಯಾಹ್ನ ಅದು ನಡೆದದ್ದು.

ಅವನೊಬ್ಬನೇ ಇದ್ದ. ಗ್ಲೌಸು ಬಿಚ್ಚಿ, ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿಕೊಂಡು ಕಿಟಕಿಯ ಹತ್ತಿರ ಕೂತಿದ್ದ. ಒಳಗಿನಿಂದ ದನಿ ಬಂತು.

"ನೀರು ಬಿಸಿಯಾಗ್ತಿದೆ. ಬೇಗ ಬನ್ನಿ."

ಥರ್ಮಾಮೀಟರು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಲೋಟ ಕುಕ್ಕಿ ಓಡಿದ.

ನೀರು ಹೊರಹೋಗುವ ಕೊಳವೆಯ ಬಾಯಿಗೆ ಅಡ್ಡವಾಗಿದ್ದ ಜಾಲರಿ ಒಂದು ಬದಿಯಲ್ಲಿ ಕಳಚಿಕೊಂಡಿತ್ತು. ಅದರ ಸೆಳೆತಕ್ಕೆ ಸಿಕ್ಕ ಯಜಮಾನ ಗೋಡೆಗೆ ಅಂಟಿದ ಒದ್ದೆ ಬಟ್ಟೆಯ ಹಾಗೆ ಚಪ್ಪಟೆಯಾಗಿ ಕೊಳವೆಗೆ ಕಚ್ಚಿಕೊಂಡು ಹರಿವನ್ನೇ ತಡೆದಿತ್ತು. ಬಾಯಿ ತೆರೆದಿತ್ತು, ಮುಚ್ಚುತ್ತಿರಲಿಲ್ಲ. ಕೈ ತಣ್ಣಗಾಗುವವರೆಗೆ ಮುಟ್ಟಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ತಣ್ಣಗಾಗುವಷ್ಟರಲ್ಲಿ ಮೀನು ಇರುವುದಿಲ್ಲವೆಂಬುದೂ ಗೊತ್ತಿತ್ತು. "ಬೇಗ ಬನ್ನಿ," ಎಂದಿತು ಸತ್ತವನ ದನಿ, ಅವನ ಕಿವಿಯ ಪಕ್ಕದಲ್ಲೇ.

ಅವನು ಬರಿಗೈ ಹಾಕಿದ. ಮೀನಿನ ಪಕ್ಕೆಯಡಿ ಅಂಗೈ ತೂರಿಸಿ, ಬೆರಳು ಬಿಡಿಸಿ, ಮೆಲ್ಲಗೆ ಎಬ್ಬಿಸಿದ. ಅದು ಕೈಯಿಂದ ನುಣುಚಿ, ಒಂದು ಸಲ ಓಲಾಡಿ, ತನ್ನ ಕಲ್ಲುಬಳೆಯ ಮೇಲೆ ಹೋಗಿ ಕೂತಿತು. ನೀರು ಹರಿಯಿತು. ಕರೆದವನಿಗೆ ಸಮಾಧಾನವಾದಂತೆ ದನಿಯೂ ನಿಂತಿತು. ಅವನ ಅಂಗೈಯಲ್ಲಿ ಮೊಟ್ಟೆಯ ಬಿಳಿಯಂಥ ಲೋಳೆ ಉಳಿದಿತ್ತು.

ಜಾಲರಿಯನ್ನು ಬಿಗಿ ಮಾಡಿದ. ಅವಳು ಬಂದ ಕೂಡಲೇ ಹೇಳಬೇಕೆಂದೇ ಇದ್ದ. ಅವಳು ಬಂದಳು, ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದ ಅತ್ತೆ ದಾರಿಯಲ್ಲಿ ಟ್ರಾಫಿಕ್ ಪೊಲೀಸನನ್ನು ಕಂಬವೆಂದುಕೊಂಡು ಹಿಡಿದು ನಿಂತ ಕಥೆಯನ್ನು ನಕ್ಕು ನಕ್ಕು ಹೇಳಿದಳು. ಅಷ್ಟೊಂದು ನಗುವನ್ನು ಅವಳ ಮುಖದ ಮೇಲೆ ಅವನು ಕಂಡೇ ಇರಲಿಲ್ಲ. ಮೊದಲು ಸಿಂಕು, ಈಗ ಇದು. ನಾಳೆ ಹೇಳೋಣ, ಅಂದುಕೊಂಡ. ಜಾಲರಿಯ ಸುದ್ದಿಯನ್ನಷ್ಟೇ ಹೇಳಿದ. ಮೀನು ಗೆಲುವಾಗಿಯೇ ಇತ್ತು.

*

ಗುರುತು ನಿಧಾನವಾಗಿ ಮೂಡಿತು. ಮೊದಲು ಪಕ್ಕೆಯ ಮೇಲೆ ಒಂದು ಬೂದು ಮಚ್ಚೆ. ಆಮೇಲೆ ಅದಕ್ಕೆ ಅಂಚು ಬಂತು. ಅಂಚಿನಿಂದ ಒಂದೊಂದಾಗಿ ಕವಲು ಹೊರಟವು. ಒಂದು ಬೆಳಗ್ಗೆ ಅವಳು ಅವನನ್ನು ಒಳಗೆ ಕರೆದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಮೀನಿನ ಮೈಮೇಲೆ ಒಂದು ಕೈ ಇತ್ತು. ಅಂಗೈ, ನಾಲ್ಕು ಬೆರಳು, ಹೆಬ್ಬೆರಳು. ಬೇರೇನೆಂದು ಹೇಳಲು ಸಾಧ್ಯವೇ ಇರಲಿಲ್ಲ.

ಅವಳು ಗಾಜಿನ ಮೇಲೆ ತನ್ನ ಅಂಗೈಯಿಟ್ಟು ತೋರಿಸಿದಳು. ಅವಳದು ಎಲ್ಲ ಕಡೆಯೂ ಚಿಕ್ಕದು.

"ನನ್ನದಲ್ಲ," ಅಂದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಮುಂದುವರಿದಳು. "ನಿಮ್ಮದೂ ಅಲ್ಲ. ನೀವು ಗ್ಲೌಸ್ ಹಾಕ್ಕೊಂಡೇ ನಿದ್ದೆ ಮಾಡೋ ಪೈಕಿ." ಅವಳು ಗಾಜಿನಿಂದ ಕೈ ತೆಗೆಯಲಿಲ್ಲ. "ನಾನು ವಿಜ್ಞಾನ ಓದಿದವಳು. ಏನು ಹೇಳ್ತಾ ಇದೀನಿ ಅಂತ ನನಗೆ ಗೊತ್ತು. ಗೊತ್ತಿದ್ದೂ ಹೇಳ್ತೀನಿ. ಅವರು ಬಂದಿದ್ರು."

ಆಗ ಹೇಳಬೇಕಿತ್ತು. ಅವನು ಗ್ಲೌಸು ಹಾಕಿದ ಕೈಯನ್ನು ಕೋಟಿನ ಜೇಬಿಗೆ ಇಳಿಸಿದ.

ಆ ದಿನದಿಂದ ಅವಳು ಬೇರೆಯೇ ಆದಳು. ಕಪಾಟಿನಲ್ಲಿ ಮಡಿಚಿಟ್ಟಿದ್ದ ಹಸಿರು ಶಾಲು ಹೊರಬಂತು. ಕೆಲಸದ ನಡುವೆ ಗುನುಗುವುದು ಕೇಳಿಸಿತು. ತುಸು ಬಿಡುವು ಸಿಕ್ಕರೂ ಕೋಲ್ಡ್ ರೂಮಿಗೆ ಹೋಗಿ ಸ್ಟೂಲು ಎಳೆದುಕೊಂಡು, ಆ ಗುರುತಿನ ಎದುರಿಗೆ ಗಾಜಿಗೆ ಅಂಗೈ ತಾಗಿಸಿ ಕೂರುತ್ತಿದ್ದಳು. ಥರ್ಮಾಮೀಟರನ್ನು ಹಿಡಿಯುವುದನ್ನೇ ಬಿಟ್ಟಿದ್ದಳು. ಕೈಯೇ ಸಿಕ್ಕಿರುವಾಗ ದನಿ ಯಾಕೆ?

ಬಾಗಿಲ ಗಾಜಿನ ಆಚೆಯಿಂದ ಅವನು ನೋಡುತ್ತಿದ್ದ. ಅವಳ ತೋರುಬೆರಳು ಗುರುತಿನ ತೋರುಬೆರಳಿನ ಅಂಚನ್ನು ಮೇಲಿಂದ ಕೆಳಗೆ ಸವರಿದಾಗ, ಇತ್ತ ಗ್ಲೌಸಿನೊಳಗೆ ಅವನ ತೋರುಬೆರಳು ಜುಮ್ಮೆನ್ನುತ್ತಿತ್ತು. ಇಷ್ಟು ದಿನ ಬಯಸಿದ್ದೆಲ್ಲ ಅವನ ಕಣ್ಣೆದುರಿಗೇ ನಡೆಯುತ್ತಿತ್ತು, ಬೇರೊಬ್ಬನ ಹೆಸರಿನಲ್ಲಿ. ತನ್ನ ಕೈಯ ಮೇಲೆ ತನಗೇ ಹೊಟ್ಟೆಕಿಚ್ಚಾಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೆ ಗುರುತು ಬೆಳೆದಂತೆ ಮೀನು ಸೊರಗಿತು. ತಿನ್ನುವುದನ್ನು ಬಿಟ್ಟಿತು. ಗೂಡಿಗೆ ಬೀಸುವ ಗಾಳಿಯೂ ನಿಧಾನವಾಯಿತು. ಹುರುಪೆಯಿಲ್ಲದ ಮೀನಿಗೆ ಚರ್ಮವೇ ಕೋಟೆ. ಬೂದು ಬಣ್ಣದ ಅಂಚಿನಲ್ಲಿ ಆ ಕೋಟೆ ಒಡೆಯುತ್ತಿತ್ತು. ಸತ್ತ ಚರ್ಮವನ್ನು ಒರೆಸಿ ತೆಗೆದು ಔಷಧಿ ಹಚ್ಚಬೇಕೆಂದು ಅವನು ಹೇಳಿದ.

"ಅಳಿಸಿಹೋಗುತ್ತಲ್ಲ," ಅಂದಳು ಅವಳು.

"ಇಲ್ಲದಿದ್ರೆ ಯಜಮಾನ ಉಳಿಯಲ್ಲ ಮೇಡಂ."

"ನಾಳೆ ನೋಡೋಣ."

ಮರುದಿನವೂ ಅವಳು ನಾಳೆ ಎಂದಳು. ತಾನೂ ಇದೇ ನಾಳೆಯನ್ನು ಹೇಳಿಕೊಂಡು ಬಂದವನು ಎಂಬುದು ಅವನನ್ನು ಕುಟುಕಿತು.

ಆ ವಾರ ಅವಳು ಅತ್ತೆಯನ್ನು ಒಪ್ಪಿಸಿ, ಕೋಟು ತೊಡಿಸಿ, ಕೈಹಿಡಿದು ಕೋಲ್ಡ್ ರೂಮಿಗೆ ಕರೆದುಕೊಂಡು ಹೋದಳು. ಬಹಳ ಹೊತ್ತಿನ ಮೇಲೆ ಅತ್ತೆ ಒಬ್ಬರೇ ಹೊರಗೆ ಬಂದು ಬೆಂಚಿನ ಮೇಲೆ ಕುಸಿದು ಕೂತರು. ಅವನು ಗ್ಲೌಸು ಬಿಚ್ಚಿ, ಚಹಾ ಬಗ್ಗಿಸಿ ತಂದುಕೊಟ್ಟ. ಅವರು ಲೋಟ ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ಕೈಯನ್ನು ನೋಡುತ್ತಿದ್ದರು.

"ನನ್ನ ಮಗನ ಕೈ ನನಗೆ ಗೊತ್ತಿಲ್ವೇನಪ್ಪ," ಅಂದರು ಕೊನೆಗೆ. "ಉಗುರು ಕತ್ತರಿಸಿದವಳು ನಾನು. ಅದು ಅವನದಲ್ಲ."

ಲೋಟದಲ್ಲಿ ಚಹಾ ತುಳುಕಿತು.

"ನಾನು ಯಾಕೆ ಸುಮ್ಮನೆ ಬಂದೆ ಗೊತ್ತಾ? ಆ ಹುಡುಗಿ ಗುನುಗ್ತಾ ಇದಾಳೆ. ಎಷ್ಟು ವರ್ಷ ಆಯ್ತು ಕೇಳಿ. ನಾನು ಮುದುಕಿ, ನನಗೆ ಅಷ್ಟು ಸಾಕು. ನೀನು ಯಾಕೆ ಸುಮ್ಮನಿದೀಯ?"

ಅವನು ತಲೆ ಬಗ್ಗಿಸಿದ.

"ಇಷ್ಟ ಇದೆ ಅಲ್ವಾ ಅವಳಂದ್ರೆ? ತಲೆ ಬಗ್ಗಿಸಬೇಡ, ನನ್ನ ಕಣ್ಣಿಗೆ ಈಗ ಹೊಸ ಕನ್ನಡಕ ಬಂದಿದೆ, ಎಲ್ಲಾ ಕಾಣುತ್ತೆ." ಅವರು ಲೋಟ ತೆಗೆದುಕೊಂಡರು. "ಒಂದು ಸುಳ್ಳಿನ ಹಿಂದೆ ನಿಂತ್ಕೊಂಡು ಎಷ್ಟು ದಿನ ನೋಡ್ತೀಯಾ ಅವಳನ್ನ? ಹೋಗು. ಬೈಸಿಕೊಂಡು ಬಾ."

*

ಅವನು ಗ್ಲೌಸು ಹಾಕಿಕೊಂಡು ಒಳಗೆ ಹೋದಾಗ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಬಾಗಿಲಿನ ಸದ್ದಿಗೂ ತಿರುಗಲಿಲ್ಲ. ಗಾಜಿನ ಮೇಲೆ ಹಣೆಯಿಟ್ಟಿದ್ದಳು.

"ಕಿರುಬೆರಳು ನೋಡಿದ್ರಾ?" ಅಂದಳು. "ಸೊಟ್ಟಗಿದೆ. ಅವರದ್ದು ನೆಟ್ಟಗಿತ್ತು. ಅಲ್ಲೇ ಮುರಿದಿರಬೇಕು."

ಅವನು ಗ್ಲೌಸಿನೊಳಗೆ ತನ್ನ ಕಿರುಬೆರಳನ್ನು ಮಡಚಿಕೊಂಡ.

"ದೋಣಿ ಮಗುಚಿದಾಗ ಅಂಚು ಹಿಡ್ಕೊಂಡಿರ್ತಾರೆ. ಬಿಡದೆ ಹಿಡ್ಕೊಂಡಿರ್ತಾರೆ. ಅದಕ್ಕೇ ಮುರಿದಿದೆ." ಅವಳ ದನಿಯಲ್ಲಿ ಅಳುವಿನ ಗುರುತೇ ಇರಲಿಲ್ಲ, ಕಣ್ಣೀರು ಮಾತ್ರ ತನ್ನ ಪಾಡಿಗೆ ಇಳಿಯುತ್ತಿತ್ತು. "ಸತ್ತರು ಅನ್ನೋದಕ್ಕೆ ಇಷ್ಟು ನೋವಾಗಿರಲಿಲ್ಲ ನನಗೆ. ಈ ಒಂದು ಬೆರಳು... ಎಷ್ಟು ನೋಯ್ತೋ ಏನೋ. ಯಾರನ್ನ ಕರೆದ್ರೋ."

ಅವನು ಬಲಗೈಯ ಗ್ಲೌಸನ್ನು ಬಿಚ್ಚಿದ. ಅವಳ ಭುಜದ ಮೇಲಿಂದ ಕೈಚಾಚಿ, ಗಾಜಿಗೆ ಅಂಗೈಯೊತ್ತಿ, ಬೆರಳುಗಳನ್ನು ಬಿಡಿಸಿ ಹಿಡಿದ. ಆಚೆ ಯಜಮಾನ ಅಲುಗಾಡದೆ ನಿಂತಿತ್ತು. ಗಾಜಿನ ಈ ಬದಿಯ ಕೈಯೂ ಆ ಬದಿಯ ಕೈಯೂ ಒಂದರ ಮೇಲೊಂದು ಕೂತವು. ಕಿರುಬೆರಳು ಎಲ್ಲಿ ಬಾಗಬೇಕೋ ಅಲ್ಲೇ, ಎಷ್ಟು ಬಾಗಬೇಕೋ ಅಷ್ಟೇ ಬಾಗಿತ್ತು.

"ಅವರು ಕರೆದ್ರು," ಅಂದ. "ನಾನು ಬಂದೆ. ಕೈ ನನ್ನದು."

ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಜಾಲರಿ ಕಳಚಿದ್ದು, ಮೀನು ಸಿಕ್ಕಿಕೊಂಡದ್ದು, ಚಹಾದ ಬಿಸಿ ಕೈಯಲ್ಲೇ ಬಿಡಿಸಿದ್ದು. ಅವಳು ಕೇಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಅವಳ ಕಣ್ಣು ಬೆರಳಿನಿಂದ ಬೆರಳಿಗೆ, ತಪ್ಪು ಹುಡುಕುವವಳ ಹಾಗೆ, ಎಲ್ಲಾದರೂ ಒಂದು ಕಡೆ ಹೊಂದದೆ ಇರಲೆಂದು ಬೇಡುವವಳ ಹಾಗೆ ಅಲೆಯುತ್ತಿತ್ತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮೊದಲು ಹೆದರಿಕೆಗೆ. ಆಮೇಲೆ ನೀವು ಅದನ್ನ ಸವರೋದು ನೋಡ್ತಿದ್ದೆ. ನನ್ನ ಕೈ ಅಂತ ನನಗೊಬ್ಬನಿಗೇ ಗೊತ್ತಿತ್ತಲ್ಲ. ಅಷ್ಟಾದ್ರೂ ಇರಲಿ ಅನಿಸ್ತು."

ಅವಳು ತಿರುಗಿ ನೋಡಿದಳು. ಕೆಲಸ ಶುರುವಾದಾಗಿನಿಂದ ಪಕ್ಕದಲ್ಲೇ ನಿಂತಿದ್ದವನನ್ನು ಈಗ ತಾನೇ ಕಂಡವಳಂತಿತ್ತು ಆ ನೋಟ. ಅದರಲ್ಲಿ ಕರುಣೆ ಇರಲಿಲ್ಲ.

"ಹೊರಗೆ ಹೋಗಿ."

ಹೋದ. ಅತ್ತೆ ಬೆಂಚಿನ ಮೇಲೆ ಒತ್ತಿ ಜಾಗ ಮಾಡಿಕೊಟ್ಟರು. ದಪ್ಪ ಬಾಗಿಲಿನ ಆಚೆಯಿಂದ ಆ ದನಿ ಕೇಳಿಸತೊಡಗಿತು. ನೀರು ಬಿಸಿಯಾಗ್ತಿದೆ, ಬೇಗ ಬನ್ನಿ. ನೀರು ಬಿಸಿಯಾಗ್ತಿದೆ, ಬೇಗ ಬನ್ನಿ. ಅವಳು ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಮಗನ ದನಿ ಬೇಡವೆಂದೇ ಅವರು ಇಷ್ಟು ವರ್ಷ ಆ ಬಾಗಿಲು ದಾಟಿರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಅವನು ಅವರ ಕೈ ಹಿಡಿದುಕೊಂಡ. ಇನ್ನು ನಾಳೆಯಿಂದ ಈ ಬೆಂಚು, ಈ ಬಾಗಿಲು ತನಗಿಲ್ಲ ಎಂದುಕೊಂಡ.

ದನಿ ನಿಂತಿತು. ಸುತ್ತಲೂ ಎಷ್ಟು ನಿಶ್ಶಬ್ದವಾಯಿತೆಂದರೆ, ಕಾರಿಡಾರಿನ ಆಚೆ ತುದಿಯಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು.

ಬಾಗಿಲು ತೆರೆಯಿತು. ಅವಳ ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು.

"ಔಷಧಿ ಹಚ್ಚಬೇಕು," ಅಂದಳು, ಇಬ್ಬರನ್ನೂ ನೋಡದೆ. "ಒಬ್ಬಳಿಂದ ಆಗಲ್ಲ."

*

ಇಬ್ಬರೂ ತೊಟ್ಟಿಯ ಮೇಲೆ ಬಗ್ಗಿ ಕೈ ಮುಳುಗಿಸಿದರು. ಪಂದ್ಯವಿರಲಿಲ್ಲ. ಚಳಿ ಬಂತು, ನೋವು ಬಂತು, ನೋವೂ ಹೋಯಿತು. ಅವಳು ಯಜಮಾನನ ತಲೆಯನ್ನು ಎರಡೂ ಕೈಯಲ್ಲಿ ಆನಿಸಿ ಹಿಡಿದು, ಪಕ್ಕೆಯನ್ನು ನೀರಿನಿಂದ ತುಸುವೇ ಮೇಲೆತ್ತಿದಳು. ಅವನು ಹತ್ತಿಯಿಂದ ಒರೆಸಿದ. ಮೊದಲು ಅಂಗೈ ಹೋಯಿತು. ಹೆಬ್ಬೆರಳು, ತೋರುಬೆರಳು. ಬೂದು ಪೊರೆ ಎಳೆಎಳೆಯಾಗಿ ಬಿಟ್ಟುಕೊಂಡು ತೇಲಿಹೋಗಿ ಜಾಲರಿಯಲ್ಲಿ ಸೇರಿಕೊಂಡಿತು. ಅಡಿಯಲ್ಲಿ ಎಳೆಯ, ಹೊಳೆಯುವ ಮೈ.

ಕಿರುಬೆರಳಿನ ಹತ್ತಿರ ಬಂದಾಗ ಅವನು ಕೈ ತಡೆದ. ಅವಳು ಅದನ್ನು ನೋಡಿದಳು. ಆಮೇಲೆ ಹ್ಞೂ ಎಂಬಂತೆ ಗದ್ದ ಅಲುಗಿಸಿದಳು.

ಕೆಂಗಂದು ಔಷಧಿ ಹಚ್ಚಿ ಬಿಟ್ಟಾಗ ಯಜಮಾನ ಕಲ್ಲುಬಳೆಗೆ ಇಳಿಯಿತು. ಬದುಕುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು ಒಂದು ಈಜುರೆಕ್ಕೆ ಆಡಿಸಿ ಗೂಡಿಗೆ ಗಾಳಿ ಬೀಸಿತು. ಅಷ್ಟು ಕಂಡು ಹೊರಗೆ ಬಂದರು.

ಅತ್ತೆ ಅಷ್ಟರಲ್ಲಿ ಬುತ್ತಿಯ ಡಬ್ಬಿ ಬಿಟ್ಟು ಮನೆಗೆ ಹೊರಟುಹೋಗಿದ್ದರು. ಇಬ್ಬರೂ ಬೆಂಚಿನ ಮೇಲೆ ಕೂತು, ಗ್ಲೌಸುಗಳನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದರು. ಬೆಳ್ಳಗೆ ಮರಗಟ್ಟಿದ ಕೈಗಳು ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಬಿದ್ದಿದ್ದವು.

"ಹೇಗೆ ಮುರೀತು?" ಅಂದಳು ಅವಳು.

"ಏನು?"

"ಆ ಬೆರಳು."

ಅವನು ಹೇಳಿದ. ಚಿಕ್ಕವನಿದ್ದಾಗ ಅಕ್ಕನ ಜೊತೆ ಜಗಳ. ಅಕ್ಕ ಸಿಟ್ಟಿನಲ್ಲಿ ಬಾಗಿಲು ದಬ್ಬಿದಳು, ಇವನ ಕೈ ಸಂದಿಯಲ್ಲಿತ್ತು. ಹೇಳಿದರೆ ಅಕ್ಕನಿಗೆ ಅಪ್ಪನಿಂದ ಏಟು ಬೀಳುತ್ತದೆಂದು ಯಾರಿಗೂ ಹೇಳಲಿಲ್ಲ. ಹಾಗೇ ಸೊಟ್ಟಗೆ ಕೂಡಿಕೊಂಡಿತು.

"ಹೇಳದೇ ಇರೋದು ಆಗಿನಿಂದಲೇ ಅಭ್ಯಾಸ ಅನ್ನಿ."

ಅವನು ತಲೆ ತಗ್ಗಿಸಿದ. ಅವಳ ಮಾತಿನಲ್ಲಿ ಮೊನಚಿತ್ತು. ಆದರೆ ಅವಳು ಎದ್ದು ಹೋಗಲಿಲ್ಲ.

"ತುಂಬ ನೋಯ್ತಾ?"

ಅಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ.

"ತುಂಬ."

ಅವಳು ಎದುರುಗೋಡೆಯನ್ನು ನೋಡುತ್ತ ಕೂತಳು.

"ಈ ಬೆರಳಿಗೆ ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ? ಬಸ್ಸಲ್ಲಿ ಅತ್ತಿದೀನಿ. ಅಡುಗೆ ಮನೇಲಿ ಅತ್ತೆಗೆ ಬೆನ್ನು ಹಾಕಿ ಅತ್ತಿದೀನಿ. ಪಕ್ಕದಲ್ಲಿ ಕೂತು ಹಿಡ್ಕೊಂಡಿರಬೇಕಿತ್ತು ಅಂತ ಅತ್ತಿದೀನಿ. ಈಗ ನಿಮ್ಮದು ಅಂತೀರ. ಅತ್ತಿದ್ದನ್ನ ವಾಪಸ್ ತಗೊಳ್ಳೋದು ಹೇಗೆ?"

"ತಗೋಬೇಡಿ," ಅಂದ ಅವನು.

ಅವಳು ತಿರುಗಿ ನೋಡದೆಯೇ, ತನ್ನ ಮರಗಟ್ಟಿದ ಕೈಯನ್ನು ಎತ್ತಿ ತಂದು ಅವನ ಕಿರುಬೆರಳನ್ನು ಹಿಡಿದಳು. ಹಿಡಿದದ್ದು ಅವಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ, ಬೆರಳುಗಳಿಗೆ ಜೀವ ಬರಲೆಂದು ಕಾದು ಕೂತರು.